ಕೆಲಸ ಬಿಟ್ಟು ಬರೆಯುವುದಾದರೆ: ವಾಣಿಜ್ಯವೋ, ಕೃಷಿಯೋ?

ಪತ್ರಿಕೆಯ ಕೆಲಸ ಬಿಟ್ಟು ಸ್ವತಂತ್ರವಾಗಿ ಬರೆಯಬೇಕು, ಯಾವ ಕ್ಷೇತ್ರ ಹಿಡಿಯಲಿ ಅಂತ ಕೇಳಿದ್ದೀರಿ.

ಮೊದಲು ದುಡ್ಡು. ವಾಣಿಜ್ಯ ಬರಹಕ್ಕೆ ಸಾಮಾನ್ಯವಾಗಿ ಸಂಭಾವನೆ ಜಾಸ್ತಿ, ಇಂಗ್ಲಿಷಿನಲ್ಲೂ ಬರೆದರೆ ಇನ್ನೂ ಜಾಸ್ತಿ. ಕೃಷಿಯಲ್ಲಿ ಕಡಿಮೆ, ಓಡಾಟದ ಖರ್ಚೂ ಹೆಚ್ಚಾಗಿ ನಮ್ಮದೇ. ಎರಡರಲ್ಲೂ ಹಣ ತಡವಾಗಬಹುದು. ಆರು ತಿಂಗಳ ಮನೆಖರ್ಚು ಕೈಯಲ್ಲಿಟ್ಟುಕೊಂಡೇ ರಾಜೀನಾಮೆ ಕೊಡಿ.

ವಾಣಿಜ್ಯದ ಕೆಲಸ ಕುಳಿತಲ್ಲೇ ನಡೆಯುತ್ತದೆ. ಷೇರುಪೇಟೆಯ ಕಂಪನಿಗಳು ತ್ರೈಮಾಸಿಕ ಮುಗಿದ 45 ದಿನದೊಳಗೆ ಫಲಿತಾಂಶ ಪ್ರಕಟಿಸಬೇಕು, ವರ್ಷದ ಲೆಕ್ಕಕ್ಕೆ 60 ದಿನ. ಹಾಗಾಗಿ ವಿಷಯಕ್ಕೆ ಬರ ಇಲ್ಲ. ಆದರೆ ಅದನ್ನೇ ಹತ್ತಾರು ಜನ ಬರೆಯುತ್ತಾರೆ, ಮರುದಿನಕ್ಕೆ ಹಳತಾಗುತ್ತದೆ.

ಕೃಷಿಗೆ ತೋಟಕ್ಕೇ ಹೋಗಬೇಕು. ಹಸಿ ಅಡಿಕೆ ಬೇಯಿಸಿದರೆ ಕೆಂಪಡಿಕೆ, ಹಣ್ಣಡಿಕೆ ಬಿಸಿಲಿಗೆ ಒಣಗಿಸಿದರೆ ಚಾಲಿ. ಇಂಥದ್ದು ಅಂಗಳದಲ್ಲಿ ನಿಂತು ನೋಡಿದರೆ ಮಾತ್ರ ಬರಹಕ್ಕೆ ಜೀವ. ರೈತರು ತಪ್ಪನ್ನು ತಕ್ಷಣ ಹಿಡಿಯುತ್ತಾರೆ, ಒಳ್ಳೆಯ ಲೇಖನವನ್ನು ಕತ್ತರಿಸಿ ವರ್ಷಗಟ್ಟಲೆ ಇಟ್ಟುಕೊಳ್ಳುತ್ತಾರೆ. 1988ರಲ್ಲಿ ಪುತ್ತೂರಿನಲ್ಲಿ ಶುರುವಾದ ‘ಅಡಿಕೆ ಪತ್ರಿಕೆ’ಯಲ್ಲಿ ಕೃಷಿಕರೇ ಲೇಖಕರು. ಅವರ ಜೊತೆ ಸುಮ್ನೆ ಸ್ಪರ್ಧೆಗಿಳಿಯಬೇಡಿ, ಕಲಿಯಿರಿ.

ಸಾಲದ ಕಂತು ಇದ್ದು, ಬೆಂಗಳೂರಿನಲ್ಲೇ ಇರುವುದಾದರೆ ವಾಣಿಜ್ಯ ಹಿಡಿಯಿರಿ. ಊರಲ್ಲಿ ಮನೆಯಿದ್ದು, ಇನ್ನೊಬ್ಬರ ಸಂಬಳವೂ ಬರುತ್ತಿದ್ದರೆ ಕೃಷಿಗೆ ಧೈರ್ಯ ಮಾಡಬಹುದು. ನಡುವಿನ ದಾರಿಯೂ ಇದೆ: ಎಪಿಎಂಸಿ ಧಾರಣೆ, ಬೆಳೆವಿಮೆ, ಸಹಕಾರ ಸಂಘದ ಸಾಲ. ಲೆಕ್ಕವೂ ಹೊಲವೂ ಗೊತ್ತಿರುವವರು ಕಡಿಮೆ ಅಲ್ವಾ? ಆದರೆ ಗೊಬ್ಬರದ ಕಂಪನಿಯಿಂದ ದುಡ್ಡು ತೆಗೆದುಕೊಂಡು ಅದೇ ಗೊಬ್ಬರದ ಬಗ್ಗೆ ಬರೆಯಲೇಬೇಡಿ.