ಸೆಕೆಗೆ ತಕ್ಕ ಸುಗಂಧ: 4711 ಕಲೋನ್

ನಿಂಬೆ, ಕಿತ್ತಳೆ, ಬರ್ಗಮಾಟ್ (ನಿಂಬೆ ಜಾತಿಯ ಒಂದು ಹಣ್ಣು), ಲ್ಯಾವೆಂಡರ್, ರೋಸ್‌ಮೇರಿ, ನೆರೋಲಿ (ಕಹಿ ಕಿತ್ತಳೆ ಹೂವಿನ ತೈಲ). ಜರ್ಮನಿಯ ಕಲೋನ್ ನಗರದ 4711 ಎಂಬ ಕಲೋನ್‌ನ, ಅಂದರೆ ತೆಳು ಸುಗಂಧದ್ರವ್ಯದ, ಪರಿಮಳದಲ್ಲಿ ಮುಖ್ಯವಾಗಿ ಇವೇ; ಸೆಕೆಗೆ ಇದೇ ಹಿತ. ಹಚ್ಚಿದ ಕೂಡಲೇ ಆಗತಾನೇ ಸುಲಿದ ನಿಂಬೆಸಿಪ್ಪೆಯ ಘಾಟು, ಅದು ಹಾರಿಹೋದ ಮೇಲೆ ಸಾಬೂನಿನಂಥ ತಿಳಿ ಹೂಗಂಪು.

ಬಾಳಿಕೆ ಒಂದೆರಡು ಗಂಟೆ ಮಾತ್ರ. ಕಳಪೆ ಎಂದುಕೊಳ್ಳಬೇಡಿ: ಕಲೋನ್‌ಗಳಲ್ಲಿ ಸುಗಂಧತೈಲ ಸಾಮಾನ್ಯವಾಗಿ ಶೇ. 2ರಿಂದ 5ರಷ್ಟೇ, ಅದರಲ್ಲೂ ನಿಂಬೆ ಜಾತಿಯವು ಬೇಗ ಆವಿಯಾಗುತ್ತವೆ. ಸ್ನಾನದ ನಂತರ ವಾಸನೆಯಿಲ್ಲದ ಲೋಷನ್ ಸವರಿ, ಅದರ ಮೇಲೆ ಹಾಕಿದರೆ ತುಸು ಹೆಚ್ಚು ನಿಲ್ಲುತ್ತದೆ. ಬೆವರಿನ ಮೇಲಂತೂ ಬೇಡವೇ ಬೇಡ.

ಕೊಳ್ಳುವಾಗ ಕಾಗದದ ಪಟ್ಟಿ ಮೂಸಿ ನಿರ್ಧರಿಸದೆ, ಮುಂಗೈಗೆ ಹಚ್ಚಿ ಅರ್ಧ ಗಂಟೆ ಕಾಯಿರಿ. ಬಾಟಲಿಯನ್ನು ಬಿಸಿಲು ಬೀಳುವ ಕಿಟಕಿಯಲ್ಲಿಟ್ಟರೆ ನಿಂಬೆತೈಲ ಕೆಟ್ಟು ಟರ್ಪೆಂಟೈನ್ ವಾಸನೆ ಹೊಡೆಯುತ್ತದೆ. ಕಪಾಟಿನ ಕತ್ತಲೆಯೇ ಸರಿ.