ಹತ್ತು ಬಿಎಲ್‌ಡಿಸಿ ಫ್ಯಾನು, ಹದಿನಾಲ್ಕು ತಿಂಗಳು: ನಮ್ಮ ಆಫೀಸಿನ ಅನುಭವ

ನಮ್ಮದು ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಲೆಕ್ಕಪತ್ರ ನೋಡುವ ಸಣ್ಣ ಆಫೀಸು. ಹದಿನೇಳು ಜನ ಇದ್ದೇವೆ. ಎರಡನೇ ಮಹಡಿ, ತಲೆ ಮೇಲೆ ನೇರ ಸ್ಲ್ಯಾಬು, ಏಪ್ರಿಲ್ ಬಂತೆಂದರೆ ಹನ್ನೊಂದು ಗಂಟೆಗೇ ಅದು ರೊಟ್ಟಿ ಹಂಚಿನ ಹಾಗೆ ಕಾದಿರುತ್ತದೆ. ಬೆಳಗ್ಗೆ ಒಂಬತ್ತೂವರೆಗೆ ಹಾಕಿದ ಫ್ಯಾನು ಸಂಜೆ ಆರೂವರೆವರೆಗೂ ನಿಲ್ಲಲ್ಲ.

ಪರಿಸರಕ್ಕೆ ಭಾರವಾಗದ ಹಾಗೆ ಆಫೀಸು ನಡೆಸಬೇಕು ಅಂತ ಮಾತು ಶುರುವಾದಾಗ ನಾವು ಮೊದಲು ಮಾಡಿದ್ದು ಚಹಾದ ಪೇಪರ್ ಕಪ್ ಬಿಟ್ಟಿದ್ದು. ಅದು ಬರೀ ಪೇಪರ್ ಅಲ್ಲ, ಒಳಗೆ ತೆಳು ಪ್ಲಾಸ್ಟಿಕ್ ಪದರ ಇರುತ್ತದೆ, ಅದಕ್ಕೇ ಚಹಾ ಸೋರಲ್ಲ. ಈಗ ಸ್ಟೀಲ್ ಲೋಟ ಇಟ್ಟಿದ್ದೇವೆ, ಕೆಳಗಿನ ಚಹಾದಂಗಡಿಯ ಹುಡುಗ ಕಿಟ್ಲಿ ತಂದು ಸುರಿದು ಹೋಗುತ್ತಾನೆ. ಒಳ್ಳೆಯದೇ ಆಯಿತು. ಆದರೆ ದಿನವಿಡೀ ತಲೆ ಮೇಲೆ ತಿರುಗುವುದನ್ನು ಯಾರೂ ನೋಡಿರಲಿಲ್ಲ. ಹೋದ ವರ್ಷ ಯುಗಾದಿ ಹೊತ್ತಿಗೆ ಎರಡು ಫ್ಯಾನಿನ ವೈಂಡಿಂಗ್ ಸುಟ್ಟಿತು, ಇನ್ನೆರಡು ಕಿರ್ ಕಿರ್ ಅನ್ನುತ್ತಿದ್ದವು. ಕೊಪ್ಪೀಕರ್ ರಸ್ತೆಯ ಅಂಗಡಿಗೆ ಹೋಗಿ ನಾಲ್ಕು ಬಿಎಲ್‌ಡಿಸಿ ಫ್ಯಾನು, ಅಂದರೆ ಕಡಿಮೆ ಕರೆಂಟಿನಲ್ಲಿ ಓಡುವ ಬೇರೆ ಥರದ ಮೋಟರಿನ ಫ್ಯಾನು, ತಂದೆ. ಒಂದಕ್ಕೆ 2,800 ರೂಪಾಯಿ. ಸಾದಾ ಫ್ಯಾನು 1,600ಕ್ಕೆ ಸಿಗುತ್ತಿತ್ತು.

ನಮ್ಮ ಎಲೆಕ್ಟ್ರಿಷಿಯನ್‌ಗೆ ನಂಬಿಕೆ ಇರಲಿಲ್ಲ. "ಸರ, ಮೂವತ್ತು ವ್ಯಾಟಿನ್ಯಾಗ ಏನ್ ಗಾಳಿ ಬರ್ತೈತ್ರಿ? ಸುಮ್ನ ರೊಕ್ಕ ಹಾಳು" ಅಂದರು. ಸರಿ, ನೋಡೇ ಬಿಡೋಣ ಅಂತ ಕಾಲೇಜು ಹುಡುಗನೊಬ್ಬನಿಂದ ಕರೆಂಟ್ ಅಳೆಯುವ ಸಣ್ಣ ಮೀಟರ್ ಇಸಿದುಕೊಂಡು ಬಂದೆ. ಹಳೆ ಫ್ಯಾನು ಫುಲ್ ಸ್ಪೀಡಿನಲ್ಲಿ 74 ವ್ಯಾಟ್ ತೋರಿಸಿತು, ಹೊಸದು 31. ಮೂರನೇ ಸ್ಪೀಡಿಗೆ ಇಟ್ಟರೆ 14ಕ್ಕೆ ಇಳಿಯಿತು. ಗಾಳಿಯಲ್ಲಿ ನನಗಂತೂ ಕಡಿಮೆ ಅನಿಸಲಿಲ್ಲ, ಟೇಬಲ್ ಮೇಲಿನ ವೋಚರ್‌ಗಳು ಮೊದಲಿನ ಹಾಗೇ ಹಾರಿದವು.

ಇದು ಹೇಗೆ ಅಂತ ಆಮೇಲೆ ಎಲೆಕ್ಟ್ರಿಷಿಯನ್ನರೇ ತಿಳಿಸಿ ಹೇಳಿದರು. ಇಳಿಸಿದ ಹಳೆ ಫ್ಯಾನಿನ ಹೊಟ್ಟೆ ಮುಟ್ಟಿಸಿದರು, ಚೆನ್ನಾಗಿ ಬಿಸಿ ಇತ್ತು. ನಾವು ದುಡ್ಡು ಕೊಟ್ಟ ಕರೆಂಟು ಗಾಳಿಯಾಗದೆ ಹೀಗೆ ಬಿಸಿಯಾಗಿ ಹೋಗುತ್ತದೆ. ಸಾದಾ ಫ್ಯಾನಿನ ಮೋಟರಿನಲ್ಲಿ ತಿರುಗುವ ಭಾಗಕ್ಕೆ ಕಾಂತಶಕ್ತಿ ಬರಬೇಕೆಂದರೂ ಕರೆಂಟೇ ಸುಡಬೇಕು. ಬಿಎಲ್‌ಡಿಸಿಯಲ್ಲಿ ಅಲ್ಲಿ ಕಾಯಂ ಅಯಸ್ಕಾಂತವನ್ನೇ ಕೂರಿಸಿರುತ್ತಾರೆ, ಒಂದು ಸಣ್ಣ ಎಲೆಕ್ಟ್ರಾನಿಕ್ ಬೋರ್ಡು ಎಷ್ಟು ಬೇಕೋ ಅಷ್ಟೇ ಕರೆಂಟ್ ಬಿಡುತ್ತದೆ.

ನಾಲ್ಕು ಚೆನ್ನಾಗಿ ಓಡಿದ ಮೇಲೆ ಇನ್ನಾರು ತಂದೆವು. ಲೆಕ್ಕದವರಲ್ವಾ, ಲೆಕ್ಕ ಹಾಕದೆ ಬಿಡಲಿಲ್ಲ. ಒಂದು ಫ್ಯಾನಿಗೆ 43 ವ್ಯಾಟ್ ಉಳಿತಾಯ, ಹತ್ತು ಫ್ಯಾನು, ದಿನಕ್ಕೆ ಒಂಬತ್ತು ತಾಸು, ತಿಂಗಳಿಗೆ 25 ದಿನ ಅಂದರೆ ಹತ್ತಿರ ಹತ್ತಿರ 97 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಹಿಡಿದರೂ ತಿಂಗಳಿಗೆ 680 ರೂಪಾಯಿ ಹೆಸ್ಕಾಂ ಬಿಲ್ಲಿನಲ್ಲಿ ಇಳಿಯಬೇಕು. ಬೇಸಿಗೆಯ ತಿಂಗಳುಗಳಲ್ಲಿ ಇಳಿದಿದೆ ಕೂಡ. ಡಿಸೆಂಬರ್‌ನಲ್ಲಿ ಇಷ್ಟು ಸಿಗಲ್ಲ, ಆಗ ಅರ್ಧ ಫ್ಯಾನು ಬಂದ್ ಆಗಿರುತ್ತವೆ. ನಮ್ಮ ದೇಶದಲ್ಲಿ ಒಂದು ಯೂನಿಟ್ ಕರೆಂಟ್ ತಯಾರಾಗುವಾಗ ಸರಾಸರಿ 0.7 ಕೆಜಿಯಷ್ಟು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ, ಯಾಕಂದರೆ ಅದರ ದೊಡ್ಡ ಪಾಲು ಕಲ್ಲಿದ್ದಲಿನದು. ಅಂದರೆ ನಮ್ಮ ಹತ್ತು ಫ್ಯಾನಿನಿಂದಲೇ ಬೇಸಿಗೆಯ ತಿಂಗಳಿಗೆ 65 ಕೆಜಿಗಿಂತ ಜಾಸ್ತಿ ತಪ್ಪುತ್ತದೆ. ಇದು ನೋಡಿ ನನಗೆ ನಿಜವಾಗಿ ಖುಷಿಯಾಯಿತು. ಕರೆಂಟ್ ಹೋದಾಗ ಇನ್ವರ್ಟರ್ ಕೂಡ ಮೊದಲಿಗಿಂತ ಜಾಸ್ತಿ ಹೊತ್ತು ತಾಳುತ್ತದೆ, ಮಳೆಗಾಲದಲ್ಲಿ ಇದು ಸಣ್ಣ ಮಾತಲ್ಲ.

ಈಗ ತೊಂದರೆಗಳಿಗೆ ಬರುತ್ತೇನೆ, ತಗೊಳ್ಳುವವರು ಇದನ್ನು ಪೂರ್ತಿ ಓದಿ.

ಮೊದಲನೆಯದು ರಿಮೋಟ್. ಒಂದೇ ಕಂಪನಿಯ ಆರು ಫ್ಯಾನು ಒಂದೇ ಹಾಲಿನಲ್ಲಿದ್ದರೆ ಒಂದು ರಿಮೋಟ್ ಒತ್ತಿದಾಗ ಪಕ್ಕದ ಫ್ಯಾನೂ ಕೇಳಿಸಿಕೊಳ್ಳುತ್ತದೆ. ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ಬರುವ ನಮ್ಮ ಅಕ್ಕಾವರಿಗೆ ಗಾಳಿ ಆಗಿಬರಲ್ಲ, ಅವರು ಕಡಿಮೆ ಮಾಡಿದರೆ ಆಚೆ ಕೂತವರು ಬೆವರುತ್ತಾರೆ. ತಿಂಗಳೊಪ್ಪತ್ತು ಇದೇ ಜಗಳ. ಗೋಡೆಯ ಮಾಮೂಲಿ ರೆಗ್ಯುಲೇಟರ್ ಮೇಲೇ ಓಡುವ ಬಿಎಲ್‌ಡಿಸಿ ಫ್ಯಾನುಗಳೂ ಸಿಗುತ್ತವೆ. ಹೆಚ್ಚು ಜನ ಕೂರುವ ಹಾಲಿಗೆ ಅವನ್ನೇ ತಗೊಳ್ಳಿ, ರಿಮೋಟಿನವು ಒಬ್ಬಿಬ್ಬರು ಕೂರುವ ಕ್ಯಾಬಿನ್ನಿಗೆ ಸರಿ. ರಿಮೋಟಿನ ಫ್ಯಾನಿಗೆ ಹಳೆ ರೆಗ್ಯುಲೇಟರ್ ಹಾಗೇ ಬಿಡಬೇಡಿ, ತೆಗೆಸಿ ನೇರ ಕನೆಕ್ಷನ್ ಕೊಡಿಸಿ. ನಮ್ಮಲ್ಲಿ ಒಂದು ಕಡೆ ಮರೆತು ಬಿಟ್ಟಿದ್ದರು, ಫ್ಯಾನು ಗುಂಯ್ ಅಂತ ಒದರುತ್ತಿತ್ತು.

ಎರಡನೆಯದು ಇನ್ನೂ ದೊಡ್ಡದು. ಜುಲೈನಲ್ಲಿ ಸಿಡಿಲು ಬಡಿದ ರಾತ್ರಿ ಒಂದು ಫ್ಯಾನಿನ ಬೋರ್ಡು ಹೋಯಿತು. ಸಾದಾ ಫ್ಯಾನಾಗಿದ್ದರೆ ನಮ್ಮ ಓಣಿಯ ವೈಂಡಿಂಗ್ ಕಾಕಾ ಎರಡು ದಿನದಲ್ಲಿ ಮಾಡಿಕೊಡುತ್ತಿದ್ದರು. ಇದನ್ನು ಅವರು ಬಿಚ್ಚಿ ನೋಡಿ, "ಇದು ನನ್ನ ಕೈಯಾಗಿನ ಕೆಲಸ ಅಲ್ಲಪಾ" ಅಂತ ವಾಪಸ್ ಕೊಟ್ಟರು. ಕಂಪನಿಗೆ ಮೂರು ಸಲ ಫೋನ್ ಮಾಡಿ ಹನ್ನೆರಡು ದಿನ ಕಾದ ಮೇಲೆ ಅವರ ಹುಡುಗ ಬಂದ. ವಾರಂಟಿ ಇದ್ದುದರಿಂದ ಬೋರ್ಡು ಪುಕ್ಕಟೆ ಹಾಕಿದ. ವಾರಂಟಿ ಮುಗಿದ ಮೇಲೆ ಏನು ಗತಿ? ಒಂದು ಬೋರ್ಡಿಗಾಗಿ ಇಡೀ ಫ್ಯಾನು ಕಸಕ್ಕೆ ಹೋದರೆ ಪರಿಸರಕ್ಕೆ ಒಳ್ಳೆಯದು ಮಾಡಿದ್ದು ಎಲ್ಲಿ ಬಂತು? ಕಂಪನಿಗಳು ಬೋರ್ಡನ್ನು ಬಿಡಿಯಾಗಿ ಅಂಗಡಿಗಳಲ್ಲಿ ಇಡಬೇಕು, ಕಾಕಾನಂಥವರಿಗೆ ಕೆಲಸ ಕಲಿಸಬೇಕು. ಅಲ್ಲಿವರೆಗೆ ನೀವು ಎರಡು ವರ್ಷದ್ದನ್ನು ಬಿಟ್ಟು ಐದು ವರ್ಷ ವಾರಂಟಿ ಇರುವುದನ್ನೇ ನೋಡಿ, ನೂರಿನ್ನೂರು ಜಾಸ್ತಿ ಆದರೂ ಪರವಾಗಿಲ್ಲ.

ಅಂಗಡಿಯಲ್ಲಿ ಬಣ್ಣ, ರೆಕ್ಕೆಯ ವಿನ್ಯಾಸ ತೋರಿಸುತ್ತಾರೆ. ನೀವು ಸ್ಟಾರ್ ಲೇಬಲ್ ಕೇಳಿ, 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೆ ಅದು ಕಡ್ಡಾಯ. ಎಷ್ಟು ಗಾಳಿ ಕೊಡುತ್ತದೆ, ಎಷ್ಟು ವ್ಯಾಟ್ ತಿನ್ನುತ್ತದೆ ಎರಡನ್ನೂ ಕೇಳಿ ಹೋಲಿಸಿ. ಬರೀ ವ್ಯಾಟ್ ನೋಡಿ ತಂದರೆ ಗಾಳಿಯೂ ಕಡಿಮೆ ಇರಬಹುದು.

ಹಳೆ ಫ್ಯಾನುಗಳನ್ನು ಯಾರಿಗಾದರೂ ದಾನ ಕೊಡೋಣ ಅಂತ ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ಇಲ್ಲಿ ಸುಡುತ್ತಿದ್ದ ಕರೆಂಟ್ ಅಲ್ಲಿ ಸುಡುತ್ತದೆ, ಬಿಲ್ಲು ಪಾಪ ಅವರು ಕಟ್ಟಬೇಕು. ಗುಜರಿಗೆ ಹಾಕಿದೆವು, ತಾಮ್ರ, ಕಬ್ಬಿಣ ಮತ್ತೆ ಬಳಕೆಗೆ ಬರುತ್ತವೆ.

ಒಟ್ಟು ಹನ್ನೆರಡು ಫ್ಯಾನಿನಲ್ಲಿ ಎರಡನ್ನು ಬದಲಿಸಿಲ್ಲ. ಫೈಲ್ ಇಡುವ ಕೋಣೆಯದು ಒಂದು, ಮೀಟಿಂಗ್ ಕೋಣೆಯದು ಇನ್ನೊಂದು. ದಿನಕ್ಕೆ ಒಂದು ತಾಸೂ ತಿರುಗಲ್ಲ, ಚೆನ್ನಾಗಿಯೇ ಓಡುತ್ತಿವೆ, ಅವನ್ನು ಕಿತ್ತು ಹೊಸದು ಹಾಕಿದರೆ ಉಳಿಯುವುದಕ್ಕಿಂತ ಹಾಳಾಗುವುದೇ ಜಾಸ್ತಿ. ಅವುಗಳ ವೈಂಡಿಂಗ್ ಹೋದ ದಿನ ನೋಡೋಣ ಅಂತ ಬಿಟ್ಟಿದ್ದೇವೆ.