ಒಂದೂವರೆ ಚಳಿಗಾಲ ಬಳಸಿದ ಪೈಪ್ ಹೀಟಿಂಗ್ ಕೇಬಲ್

ಹೋದ ಚಳಿಗಾಲದಲ್ಲಿ ಒಂದು ಬೆಳಗ್ಗೆ ಅಡುಗೆಮನೆ ನಲ್ಲಿ ತಿರುಗಿಸಿದೆ. ಎರಡು ಹನಿ ಬಿತ್ತು, ಆಮೇಲೆ ಸುಯ್ ಅಂತ ಗಾಳಿ, ಅಷ್ಟೇ. ಬಚ್ಚಲುಮನೆಯಲ್ಲಿ ನೀರು ಚೆನ್ನಾಗಿಯೇ ಬರುತ್ತಿತ್ತು. ಹಾಗಾದರೆ ಕೈಕೊಟ್ಟಿದ್ದು ಸಿಂಕಿಗೆ ಬರುವ ತಾಮ್ರದ ಪೈಪ್ ಒಂದೇ. ಅದು ಹೊರಗೋಡೆಯ ಪಕ್ಕದಲ್ಲೇ, ನೆಲದ ಅಡಿಯ ಇಕ್ಕಟ್ಟು ಜಾಗದಲ್ಲಿ ಸುಮಾರು ಮೂರು ಮೀಟರ್ ಸಾಗಿ ಬರುತ್ತದೆ. ಅಲ್ಲಿಗೆ ತೆವಳಿಕೊಂಡೇ ಹೋಗಬೇಕು. ರಾತ್ರಿ ಮೈನಸ್ 17 ಡಿಗ್ರಿಗೆ ಇಳಿದಿತ್ತು, ಪೈಪಿನೊಳಗಿನ ನೀರು ಹೆಪ್ಪುಗಟ್ಟಿತ್ತು.

ನಮ್ಮ ಯಜಮಾನರು ಬೆಂಕಿ ಉಗುಳುವ ಗ್ಯಾಸ್ ಟಾರ್ಚ್ ಹುಡುಕಲು ಹೊರಟರು. ಬೇಡವೇ ಬೇಡ ಅಂದೆ. ಪೈಪಿನ ಹಿಂದೆಯೇ ಒಣಗಿದ ಮರದ ತೊಲೆ ಇದೆ. ಜೊತೆಗೆ ಮಂಜುಗಡ್ಡೆಗಳ ನಡುವೆ ಸಿಕ್ಕಿಕೊಂಡ ನೀರು ಕುದ್ದು ಆವಿಯಾದರೆ ಪೈಪೇ ಸಿಡಿಯಬಹುದು. ನಲ್ಲಿ ತೆರೆದಿಟ್ಟು, ಹೇರ್ ಡ್ರೈಯರ್ ಹಿಡಿದು, ನಲ್ಲಿಯ ಕಡೆಯಿಂದ ಶುರುಮಾಡಿ ಹಿಂದಕ್ಕೆ ಕಾಯಿಸುತ್ತಾ ಹೋದೆವು. ಕರಗಿದ ನೀರಿಗೆ ಹೊರಗೆ ಬರಲು ದಾರಿ ಬೇಕಲ್ವಾ? ಒಂದು ಗಂಟೆ ಇಪ್ಪತ್ತು ನಿಮಿಷ ಹಿಡಿಯಿತು. ನಲ್ಲಿ ಕೆಮ್ಮಿತು, ಉಗುಳಿತು, ಆಮೇಲೆ ಗಡ್ಡೆಯ ಚೂರುಗಳ ಜೊತೆ ನೀರು ಬಂತು. ಪೈಪ್ ಒಡೆದಿರಲಿಲ್ಲ, ನಮ್ಮ ಪುಣ್ಯ. ನೀರು ಹೆಪ್ಪುಗಟ್ಟಿದಾಗ ಶೇಕಡ 9ರಷ್ಟು ಉಬ್ಬುತ್ತದೆ. ಆಗ ಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಬಿದ್ದ ನೀರಿನ ಒತ್ತಡ ಏರುತ್ತಾ ಹೋಗಿ ಪೈಪನ್ನು ಸೀಳುತ್ತದೆ. ಎಷ್ಟೋ ಸಲ ಗಡ್ಡೆ ಕಟ್ಟಿದ್ದು ಒಂದು ಕಡೆ, ಒಡೆಯುವುದು ಇನ್ನೊಂದು ಕಡೆ.

ಅದೇ ವಾರ ಪೈಪಿಗೆ ಕಟ್ಟಿ ಬೆಚ್ಚಗಿಡುವ ಈ ಕರೆಂಟ್ ಕೇಬಲ್ ತರಿಸಿದೆವು. ನಾಲ್ಕು ಮೀಟರ್ ಉದ್ದ, ಚಪ್ಪಟೆ, ಒಂದು ತುದಿಯಲ್ಲಿ ಪ್ಲಗ್, ಅದರ ಹತ್ತಿರವೇ ಹುಣಸೆಬೀಜಕ್ಕಿಂತ ಸ್ವಲ್ಪ ದೊಡ್ಡದಾದ ಥರ್ಮೋಸ್ಟಾಟ್, ಅಂದರೆ ಚಳಿ ನೋಡಿ ಕೇಬಲನ್ನು ತಾನೇ ಆನ್ ಮಾಡುವ ಸ್ವಿಚ್. ತನ್ನ ಬಿಸಿಯನ್ನು ತಾನೇ ಹೆಚ್ಚುಕಡಿಮೆ ಮಾಡಿಕೊಳ್ಳುವ ಜಾತಿ ಇದು. ಒಳಗೆ ಎರಡು ತಂತಿ, ನಡುವೆ ಕರೆಂಟ್ ಹರಿಯುವಂಥ ಒಂದು ಬಗೆಯ ಪ್ಲಾಸ್ಟಿಕ್. ತಣ್ಣಗಾದ ಕಡೆ ಆ ಪ್ಲಾಸ್ಟಿಕ್ ಕುಗ್ಗಿ ಕರೆಂಟ್ ಜಾಸ್ತಿ ಹರಿಯುತ್ತದೆ, ಬೆಚ್ಚಗಾದ ಕಡೆ ಹಿಗ್ಗಿ ಕಡಿಮೆ ಹರಿಯುತ್ತದೆ. ಮೀಟರಿಗೆ 16 ವ್ಯಾಟ್ ಅಂತ ಪ್ಯಾಕಿನ ಮೇಲಿದೆ. ಒಟ್ಟು 64 ವ್ಯಾಟ್, ಅಂದರೆ ಹಳೇ ಬುರುಡೆ ಬಲ್ಬಿನಷ್ಟು.

ಹಾಕುವುದು ಕಷ್ಟವಲ್ಲ, ಬೆನ್ನು ನೋಯುತ್ತದೆ ಅಷ್ಟೇ. ಸುರುಳಿ ಬಿಚ್ಚಿ ಒಂದು ರಾತ್ರಿ ಮನೆಯೊಳಗೇ ಬಿಡಿ. ಚಳಿಯಲ್ಲಿ ಅದು ಕಬ್ಬಿಣದ ಸರಳಿನ ಹಾಗೆ ಸೆಟೆದುಕೊಳ್ಳುತ್ತದೆ. ಪೈಪಿನ ಅಡಿಭಾಗಕ್ಕೆ ತಾಗಿಸಿ, ಅಡಿಗೊಂದರಂತೆ ಟೇಪ್ ಸುತ್ತಿದೆ. ಉಳಿದ ಉದ್ದವನ್ನು ಪೈಪಿಗೇ ಸುತ್ತಿದೆ. ಇದನ್ನು ಕತ್ತರಿಸುವ ಹಾಗಿಲ್ಲ, ಆದ್ದರಿಂದ ಅಳತೆ ಮಾಡಿಯೇ ತರಿಸಿ.

ಮೂರು ವಾರಕ್ಕೆ ಪೈಪ್ ಮತ್ತೆ ಹೆಪ್ಪುಗಟ್ಟಿತು. ಪ್ಲಗ್‌ನ ಕೆಂಪು ದೀಪ ಮಾತ್ರ ಸುಮ್ನೆ ಉರಿಯುತ್ತಲೇ ಇತ್ತು. ಸಿಟ್ಟು ನೆತ್ತಿಗೇರಿತು. ವಾಪಸ್ ಕಳಿಸೋಣ ಅಂತ ಡಬ್ಬಿ ಹುಡುಕುವಾಗ ಕೈಪಿಡಿ ಸಿಕ್ಕಿತು, ಅದನ್ನು ಆಗಲೇ ಪೂರ್ತಿ ಓದಿದ್ದು. ತಪ್ಪು ನಂದೇ. ಥರ್ಮೋಸ್ಟಾಟ್ ಇರುವ ತುದಿ ಪೈಪಿನ ಅತಿ ತಣ್ಣಗಿನ ಜಾಗಕ್ಕೆ ತಾಗಿರಬೇಕು. ನಾನು ಪ್ಲಗ್ ಪಾಯಿಂಟ್ ಸಿಂಕಿನ ಕೆಳಗಿದೆ ಅಂತ ಆ ತುದಿಯನ್ನು ಅಲ್ಲೇ ಕಟ್ಟಿದ್ದೆ. ಅಲ್ಲಿ ಅಡುಗೆಮನೆಯ ಬಿಸಿ ಬಡಿಯುತ್ತದೆ. 3 ಡಿಗ್ರಿಗೆ ಇಳಿದರೆ ತಾನೇ ಅದು ಆನ್ ಆಗುವುದು! ಆ ಕಡೆ ಗಾಳಿಗಿಂಡಿಯ ಪಕ್ಕದ ಮೂಲೆ ಹೆಪ್ಪುಗಟ್ಟುತ್ತಿದ್ದರೂ ಈ ಮಹಾಶಯನಿಗೆ ಗೊತ್ತೇ ಆಗಲಿಲ್ಲ.

ಎಲ್ಲ ಬಿಚ್ಚಿ ತಿರುವಿ ಕಟ್ಟಿದೆ. ಆಗ ಪ್ಲಗ್ ಸಿಂಕಿನ ಕೆಳಗಿನ ಪಾಯಿಂಟಿನಿಂದ ದೂರ ಹೋಯಿತು. ಎಕ್ಸ್‌ಟೆನ್ಷನ್ ವೈರ್ ಬಳಸಬಾರದು ಅಂತ ಕೈಪಿಡಿ ಖಡಾಖಂಡಿತವಾಗಿ ಹೇಳುತ್ತದೆ. ಹಾಗಾಗಿ ಎಲೆಕ್ಟ್ರಿಷಿಯನ್ ಕರೆಸಿ, ಕರೆಂಟ್ ಸೋರಿದರೆ ತಾನೇ ಟ್ರಿಪ್ ಆಗುವ ಒಂದು ಪಾಯಿಂಟನ್ನು ನೆಲದಡಿಯಲ್ಲೇ ಹಾಕಿಸಿದೆವು. ಕೇಬಲ್ ನಿಜವಾಗಿ ಕೆಲಸ ಮಾಡುತ್ತಿದೆಯಾ ಅಂತ ನೋಡಲು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಐಸ್ ತುಂಬಿ ಥರ್ಮೋಸ್ಟಾಟಿಗೆ ಒತ್ತಿ ಹಿಡಿದೆ. ಹತ್ತು ನಿಮಿಷದಲ್ಲಿ ನನ್ನ ಬೆರಳು ಮರಗಟ್ಟಿತು, ಇನ್ನೊಂದು ಕೈಗೆ ಕೇಬಲ್ ಉಗುರುಬೆಚ್ಚಗೆ ತಾಗಿತು. ಈಗ ಪ್ರತಿ ವರ್ಷ ಚಳಿ ಶುರುವಾಗುವ ಮೊದಲು ಈ ಪರೀಕ್ಷೆ ಮಾಡಬೇಕು ಅಂದುಕೊಂಡಿದ್ದೇನೆ, ಯಾಕೆಂದರೆ ಆ ಕೆಂಪು ದೀಪ ಹೇಳುವುದು ಪ್ಲಗ್‌ಗೆ ಕರೆಂಟ್ ಬಂದಿದೆ ಅಂತ ಮಾತ್ರ. ಕಂಪನಿಯವರು ಬಿಸಿಯಾಗುವಾಗ ಉರಿಯುವ ಇನ್ನೊಂದು ದೀಪ ಕೊಟ್ಟಿದ್ದರೆ ಏನು ಕಳೆದುಕೊಳ್ಳುತ್ತಿದ್ದರೋ!

ಕೇಬಲ್ ಮೇಲೆ ಫೋಮ್ ಹೊದಿಕೆಯನ್ನೂ ಹಾಕಿದ್ದೇವೆ. ಈ ಮಾದರಿಗೆ ಅದನ್ನು ಹಾಕಬಹುದು. ಎಲ್ಲ ಕೇಬಲ್‌ಗೂ ಹೊದಿಕೆ ಆಗಿಬರುವುದಿಲ್ಲ, ನಿಮ್ಮ ಕೈಪಿಡಿ ನೋಡಿಕೊಳ್ಳಿ. ಬರೀ ಫೋಮ್ ಸಾಕಲ್ವಾ ಅಂತ ನಾನೂ ಕೇಳಿದ್ದೆ. ಫೋಮ್ ಬಿಸಿ ಹುಟ್ಟಿಸುವುದಿಲ್ಲ, ಇರುವ ಬಿಸಿ ಬೇಗ ಹೋಗದ ಹಾಗೆ ತಡೆಯುತ್ತದೆ ಅಷ್ಟೇ. ರಾತ್ರಿಯಿಡೀ ನೀರು ನಿಂತ ಪೈಪಿಗೆ ಅದು ಸಾಲದು.

ಈ ಚಳಿಗಾಲದಲ್ಲಿ ಮೈನಸ್ 21ರವರೆಗೂ ಹೋಯಿತು. ನಲ್ಲಿ ಒಂದು ದಿನವೂ ನಿಲ್ಲಲಿಲ್ಲ. ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಆ ದೀಪಕ್ಕೆ, ಇರುವೆ ಸಾಲಿನಂಥ ಅಕ್ಷರದ ಕೈಪಿಡಿಗೆ, ಮತ್ತೆ ಗಾಜಿನೆಳೆಯ ಬಟ್ಟೆಯಿಂದ ಮಾಡಿದ ಗ್ಲಾಸ್‌ಕ್ಲಾತ್ ಟೇಪೇ ಬೇಕು ಅಂತ ಬರೆದು ಟೇಪನ್ನೇ ಡಬ್ಬಿಯಲ್ಲಿ ಇಡದಿದ್ದಕ್ಕೆ.

ಕರೆಂಟ್ ಹೋದರೆ ಇದರಿಂದ ಏನೂ ಉಪಯೋಗವಿಲ್ಲ. ಒಂದು ರಾತ್ರಿ ಹಾಗೇ ಆಯಿತು. ಪೆನ್ಸಿಲ್ ಕಡ್ಡಿಯಷ್ಟು ಸಣ್ಣಗೆ ನಲ್ಲಿ ಬಿಟ್ಟು, ಸಿಂಕಿನ ಕೆಳಗಿನ ಬಾಗಿಲು ತೆರೆದಿಟ್ಟು ಮಲಗಿದೆವು. ಬಿದ್ದ ನೀರು ಬಕೆಟ್ಟಿಗೆ, ಬೆಳಗ್ಗೆ ಪಾತ್ರೆಗೆ. ನಿಮ್ಮ ಪೈಪ್ ಗೋಡೆಯ ಒಳಗೆ ಹುದುಗಿದ್ದರೆ ಇದನ್ನು ತರಿಸಬೇಡಿ, ಕೈ ಹೋಗದ ಕಡೆ ಕಟ್ಟುವುದಾದರೂ ಹೇಗೆ? ಪ್ಲಂಬರನ್ನೇ ಕರೆಯಿರಿ.